ಅಪ್ಪನಿಗೆ ಹತ್ತು ಮಂಚದ ಮನೆ ಹುಡುಕಿದ್ದು: ನನ್ನ ಅನುಭವ

ಮೊದ್ಲೇ ಹೇಳ್ಬಿಡ್ತೀನಿ, ಅಪ್ಪ ಅಮ್ಮನ್ನ ಹೊರಗೆ ಬಿಡೋದು ಸರೀನಾ ತಪ್ಪಾ ಅನ್ನೋ ವಾದಕ್ಕೆ ನಾನು ಬರಲ್ಲ. ಆ ವಾದ ನಮ್ಮನೇಲಿ ಎರಡು ವರ್ಷ ನಡೀತು, ನಮ್ಮ ಚಿಕ್ಕಪ್ಪ ಅಂತೂ ಮದುವೆ, ತಿಥಿ ಎಲ್ಲಿ ಸಿಕ್ಕಿದ್ರೂ ಶುರು ಮಾಡೋರು. ನೋಡ್ಕೊಳ್ಳೋಕೆ ಅಟೆಂಡರ್ ಇಟ್ಟು, ಅವನು ಬಿಟ್ಟು, ಮತ್ತೊಬ್ಬನ್ನ ಇಟ್ಟು ಸುಸ್ತಾಗಿ, ಹತ್ತು ಹನ್ನೆರಡು ವಯಸ್ಸಾದೋರನ್ನ ಇಟ್ಕೊಂಡು ನೋಡ್ಕೊಳ್ಳೋ ಚಿಕ್ಕ ಮನೆ ಹುಡುಕ್ತಿರೋರಿಗೆ ಇದನ್ನ ಬರೀತಿದ್ದೀನಿ. ಡಯಪರ್ ಸೈಜು, ಏರ್ ಬೆಡ್ಡು, ವಾಕರ್ರು ಇವೆಲ್ಲ ನಿಮಗೆ ಗೊತ್ತಿರೋದೇ.

ಅಪ್ಪ ಮೈಸೂರು ರೈಲ್ವೆ ವರ್ಕ್‌ಶಾಪಲ್ಲಿ ಫಿಟ್ಟರ್ ಆಗಿದ್ದೋರು. 80 ದಾಟಿದೆ, ಪಾರ್ಕಿನ್ಸನ್ (ಕೈಕಾಲು ನಡುಗೋ, ಬಿಗಿಯಾಗೋ ಮೆದುಳಿನ ಕಾಯಿಲೆ) ಶುರುವಾಗಿ ಏಳೆಂಟು ವರ್ಷ. ಅಮ್ಮ ಹೋದ್ಮೇಲೆ ಒಬ್ರೇ ಇದ್ರು, ನಾನು ಬೆಂಗಳೂರು, ತಂಗಿ ಹಾಸನ. ಬೆಂಗಳೂರಿಗೆ ಕರ್ಕೊಂಡು ಬಂದೆ, ಮೂರನೇ ಮಹಡಿ ಫ್ಲಾಟು, ನಾವಿಬ್ರೂ ಕೆಲಸಕ್ಕೆ ಹೋದ್ರೆ ಇಡೀ ದಿನ ಟಿವಿ ಮುಂದೆ, ಎರಡು ತಿಂಗಳಿಗೆ ‘ನನ್ನ ಗಾಡಿ ಹತ್ತಿಸ್ಬಿಡೋ’ ಅಂತ ಹಟ ಹಿಡಿದ್ರು.

ಆಮೇಲೆ ಮೈಸೂರು ಮನೇಲೇ 24 ಗಂಟೆ ಅಟೆಂಡರ್. ಏಜೆನ್ಸಿಯೋರು ತಿಂಗಳಿಗೆ 26ರಿಂದ 28 ಸಾವಿರ ತಗೋತಿದ್ರು, ಅದರಲ್ಲಿ ಆ ಹುಡುಗನ ಕೈಗೆ ಹೋಗ್ತಿದ್ದಿದ್ದು ಹದಿನೈದೋ ಹದಿನಾರೋ. ಅವನು ಯಾಕೆ ನಿಲ್ತಾನೆ ಹೇಳಿ? ಒಬ್ಬ ಹಬ್ಬಕ್ಕೆ ಊರಿಗೆ ಹೋದವನು ಬರಲೇ ಇಲ್ಲ, ಇನ್ನೊಬ್ಬ ರಾತ್ರಿ ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ಮಲಗೋನು, ಅಪ್ಪ ಕರೆದ್ರೆ ಕೇಳ್ತಾನೇ ಇರಲಿಲ್ಲ. ಅವನ ಊಟ, ಅಡುಗೆಯೋಳು, ಹಾಲು, ಕರೆಂಟು ಎಲ್ಲ ಸೇರಿ 45 ಸಾವಿರದ ಹತ್ತಿರ ಹೋಗ್ತಿತ್ತು. ನನ್ನ ಪ್ರಕಾರ ಒಬ್ಬ ಮನುಷ್ಯ 24 ಗಂಟೆ ನೋಡ್ಕೋತಾನೆ ಅನ್ನೋದೇ ಸುಳ್ಳು, ಅವನೂ ನಿದ್ದೆ ಮಾಡ್ಲೇಬೇಕಲ್ಲ.

ಹಿರಿಯರಿಗೆ ಅಂತಲೇ ಕಟ್ಟಿರೋ ದೊಡ್ಡ ಸೀನಿಯರ್ ಲಿವಿಂಗ್ ಜಾಗಗಳನ್ನೂ ನೋಡಿದ್ವಿ. ಲಾನು, ಲೈಬ್ರರಿ, ಯೋಗ ಹಾಲ್ ಎಲ್ಲ ಚೆನ್ನಾಗಿದೆ. ಲಕ್ಷಗಟ್ಟಲೆ ಡಿಪಾಸಿಟ್. ‘ಎದ್ದು ಓಡಾಡೋಕೆ ಆಗದೇ ಇದ್ರೆ?’ ಅಂತ ಕೇಳಿದ್ರೆ ‘ಆಗ ನೀವೇ ಒಬ್ರು ಅಟೆಂಡರ್ ಇಟ್ಕೋಬೇಕು ಸರ್’ ಅಂದ್ರು. ಮತ್ತೆ ಅದೇ ಏಜೆನ್ಸಿ ಹುಡುಗ, ಬಾಡಿಗೆ ಬೇರೆ!

ಹಾಗಾಗಿ ಚಿಕ್ಕ ಮನೆಗಳ ಕಡೆ ಬಂದೆ. ಮೈಸೂರಲ್ಲಿ ಬೋಗಾದಿ, ವಿಜಯನಗರ, ಶ್ರೀರಾಂಪುರ, ಜೆ.ಪಿ. ನಗರ ಕಡೆ ಮಾಮೂಲಿ ಡ್ಯೂಪ್ಲೆಕ್ಸ್ ಮನೆಗಳನ್ನೇ ಹೀಗೆ ಮಾಡ್ಕೊಂಡಿರ್ತಾರೆ, ಎಂಟೋ ಹತ್ತೋ ಹನ್ನೆರಡೋ ಮಂಚ. ಎಲ್ರೂ ಬೈದ್ರು. ಚಿಕ್ಕದು ಅಂದ್ರೆ ಹಾಸ್ಟೆಲ್ ಥರ ಇರುತ್ತೆ, ಡಾಕ್ಟರ್ ಇರಲ್ಲ, ನಾಳೆ ಮುಚ್ಕೊಂಡು ಹೋದ್ರೆ ಏನ್ಮಾಡ್ತೀಯ ಅಂತ. ಅದರಲ್ಲಿ ಅರ್ಧ ನಿಜಾನೇ. ಯಾಕಂದ್ರೆ ಮೊದಲು ಸೇರಿಸಿದ ಚಿಕ್ಕ ಮನೆಯಿಂದ ಮೂರು ವಾರಕ್ಕೇ ವಾಪಸ್ ಕರ್ಕೊಂಡು ಬರಬೇಕಾಯ್ತು.

ಅಲ್ಲಿ ಆಗಿದ್ದು ಏನಂದ್ರೆ, ಹೋದಾಗೆಲ್ಲ ಅಪ್ಪ ತೂಕಡಿಸ್ತಾ ಇರೋರು, ಕೈ ಬಿಗಿ ಜಾಸ್ತಿ, ಮಾತು ತೊದಲು. ಕಾಯಿಲೆ ಜಾಸ್ತಿ ಆಗಿದೆ ಅಂದ್ರು. ತಂಗಿ ಔಷಧಿ ಡಬ್ಬಿ ನೋಡಿದಾಗ ನಮ್ಮ ನ್ಯೂರಾಲಜಿಸ್ಟ್ ಬರೀದೇ ಇರೋ ಮಾತ್ರೆ ಒಂದಿತ್ತು, ಹ್ಯಾಲೋಪೆರಿಡಾಲ್, ಮಾನಸಿಕ ಕಾಯಿಲೆಗೆ ಕೊಡೋದು. ‘ರಾತ್ರಿ ಗಲಾಟೆ ಮಾಡ್ತಾರೆ, ಅದಕ್ಕೆ ಕೊಡ್ತೀವಿ’ ಅಂತೆ! ಪಾರ್ಕಿನ್ಸನ್ ಇರೋರಿಗೆ ಅದು ವಿಷ ಇದ್ದಂಗೆ, ಕೈಕಾಲು ಆಡೋಕೆ ಬೇಕಾದ ಡೋಪಮೈನ್ ಅನ್ನೋ ರಾಸಾಯನಿಕ ಮೆದುಳಲ್ಲಿ ಅಷ್ಟಿಷ್ಟು ಇರೋದರ ಕೆಲಸಾನೂ ಅದು ತಡೆದುಬಿಡುತ್ತೆ. ವಾಂತಿಗೆ ಕೊಡೋ ಮೆಟೊಕ್ಲೋಪ್ರಮೈಡ್ ಕೂಡ ಹಾಗೇನೇ. ಇವೆರಡರ ಹೆಸರು ಈಗ ಅಪ್ಪನ ಮಂಚದ ತಲೆ ಕಡೆ ದಪ್ಪ ಅಕ್ಷರದಲ್ಲಿ ‘ಕೊಡಬಾರದು’ ಅಂತ ಅಂಟಿಸಿದೆ, ಆಸ್ಪತ್ರೆಗೆ ಹೋದ್ರೂ ಆ ಹಾಳೆ ಜೊತೇಲೇ ಹೋಗುತ್ತೆ. ಪಾರ್ಕಿನ್ಸನ್ ಇರೋ ಮನೆಯೋರು ಇದೊಂದು ಮಾಡ್ಕೊಳ್ಳಿ, ನಿಮ್ಮ ಡಾಕ್ಟರನ್ನ ಕೇಳಿ ಪಟ್ಟಿ ಪೂರ್ತಿ ಮಾಡಿಸಿ. ಆ ಮನೆಯೋರು 50 ಸಾವಿರ ಡಿಪಾಸಿಟ್ ವಾಪಸ್ ಕೊಡೋಕೆ ಸತಾಯಿಸಿದ್ರು, ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡ್ತೀನಿ ಅಂದ್ಮೇಲೆ ಕೊಟ್ರು, ಅದೂ ಎರಡು ಕಂತಲ್ಲಿ, ‘ಪೇಂಟಿಂಗ್ ಖರ್ಚು’ ಅಂತ ಮುರ್ಕೊಂಡು.

ಇದಾದ್ಮೇಲೆ ಹುಡುಕೋ ರೀತಿನೇ ಬದಲಾಯಿಸಿದೆ. ಓನರ್ ಮಾತು ಕೇಳೋದು, ಬ್ರೋಷರ್ ನೋಡೋದು ಬಿಟ್ಟೆ. ರಾತ್ರಿ ಯಾರು ಇರ್ತಾರೆ, ಅವರು ಹೇಗೆ ಕೆಲಸ ಮಾಡ್ತಾರೆ, ಅದೊಂದೇ ಪ್ರಶ್ನೆ. ಹಗಲಲ್ಲಿ ಎಲ್ಲಾ ಮನೆಗಳೂ ಚೆನ್ನಾಗಿಯೇ ಇರ್ತಾವೆ.

ಅದಕ್ಕೆ ಬೆಳಗ್ಗೆ ಆರೂವರೆ ಏಳಕ್ಕೆ ಹೇಳ್ದೆ ಕೇಳ್ದೆ ಹೋಗ್ತಿದ್ದೆ. ನೈಟ್ ಡ್ಯೂಟಿ ಮುಗಿದು ಹಗಲಿನೋರು ಬರೋ ಹೊತ್ತು ಅದು. ಮೂತ್ರದ ವಾಸನೆ ಸ್ವಲ್ಪ ಇದ್ದೇ ಇರುತ್ತೆ, ಅದಕ್ಕೆ ತಲೆ ಕೆಡಿಸ್ಕೋಬೇಡಿ, ಆ ಹೊತ್ತಲ್ಲೂ ಬರೀ ಫಿನಾಯಿಲ್ ವಾಸನೆ ಗಮ್ಮಂತ ಇದ್ರೆ ನನಗೆ ಅನುಮಾನ ಬರೋದು. ಆಮೇಲೆ ಟೆರೇಸಿಗೆ ಹೋಗಿ ಬಟ್ಟೆ ಒಣಗಾಕೋ ಹಗ್ಗ ನೋಡೋದು. ಇದು ನನ್ನ ಸ್ವಂತ ಕಂಡುಹಿಡಿಕೆ, ಜಂಬ ಅಂದ್ಕೊಂಡ್ರೂ ಪರವಾಗಿಲ್ಲ. ಹತ್ತು ಜನ ಇರೋ ಮನೇಲಿ, ಅದರಲ್ಲಿ ಆರೇಳು ಜನಕ್ಕೆ ಹಾಸಿಗೇಲೇ ಆಗೋದು ಅಂದ್ರೆ, ಹಗ್ಗದ ಮೇಲೆ ಬೆಡ್‌ಶೀಟು, ಸೊಂಟದ ಕೆಳಗೆ ಅಡ್ಡ ಹಾಸೋ ಡ್ರಾ ಶೀಟು ತುಂಬಿರಬೇಕು. ಎರಡೇ ಎರಡು ಶೀಟು ಇದ್ರೆ ಕ್ಲೀನ್ ಅಂತ ಅಲ್ಲ, ಬದಲಾಯಿಸ್ತಿಲ್ಲ ಅಂತ. ಇನ್ನೊಂದು, ಅಲ್ಲಿರೋರ ಕಾಲಿನ ಉಗುರು ನೋಡಿ. ಗಡ್ಡ ಯಾರು ಬರ್ತಾರೆ ಅಂದ್ರೂ ಹತ್ತು ನಿಮಿಷದಲ್ಲಿ ತೆಗೀಬಹುದು, ಕಾಲುಗುರು ಆಗಲ್ಲ.

ಆಯಾಗಳ ಹತ್ರ ಮಾತಾಡ್ಲೇಬೇಕು, ಓನರ್ ಪಕ್ಕದಲ್ಲಿ ಇಲ್ದಾಗ. ಎಷ್ಟು ವರ್ಷದಿಂದ ಇದ್ದೀಯಮ್ಮ, ಊರು ಯಾವುದು, ಸಂಬಳ ಯಾವ ತಾರೀಖಿಗೆ ಬರುತ್ತೆ. ಸಂಬಳ ತಡ ಆಗೋ ಮನೇಲಿ ಯಾರೂ ನಿಲ್ಲಲ್ಲ, ಯಾರೂ ನಿಲ್ದೇ ಇರೋ ಮನೇಲಿ ಅಪ್ಪನ ಅಭ್ಯಾಸ ಯಾರಿಗೂ ಗೊತ್ತಿರಲ್ಲ. ಈಗಿರೋ ಮನೇಲಿ ರಾತ್ರಿ ಇರೋ ಹೆಂಗಸು ನಂಜನಗೂಡು ಕಡೆಯೋರು, ಅಲ್ಲೇ ನಾಲ್ಕೈದು ವರ್ಷದಿಂದ ಇದ್ದಾರೆ. ಅವರನ್ನ ನೋಡೇ ನಾನು ಆ ಮನೆ ಒಪ್ಕೊಂಡಿದ್ದು. ಓನರಮ್ಮ ನರ್ಸ್ ಆಗಿ ರಿಟೈರ್ ಆದೋರು, ಮೇಲಿನ ಮನೇಲೇ ವಾಸ, ಅದು ಎರಡನೇ ಕಾರಣ.

ಮಾತ್ರೆ ಪರೀಕ್ಷೆ ಒಂದು ಇಟ್ಕೊಂಡಿದ್ದೆ. ಅಪ್ಪನಿಗೆ ಪಾರ್ಕಿನ್ಸನ್ ಮಾತ್ರೆ ಸಿಂಡೋಪಾ 6, 10, 2, 6 ಗಂಟೆಗೆ, ಅದೂ ಊಟ ತಿಂಡಿಗೆ ಅರ್ಧ ಗಂಟೆ ಮುಂಚೆ, ಹಾಲು ಬೇಳೆ ಮೊಟ್ಟೆ ಜೊತೆ ತಗೊಂಡ್ರೆ ಸರಿಯಾಗಿ ಹತ್ತಲ್ಲ. ಎಲ್ಲಾ ಕಡೆ ಇದನ್ನೇ ಕೇಳ್ದೆ, ಬೆಳಗ್ಗೆ ಆರಕ್ಕೆ ಯಾರು ಕೊಡ್ತಾರೆ? ಹೆಚ್ಚಿನೋರು ‘ತಿಂಡಿ ಆದ್ಮೇಲೆ ಎಲ್ರಿಗೂ ಒಟ್ಟಿಗೆ ಕೊಡ್ತೀವಿ ಸರ್, ಚಿಂತೆ ಮಾಡ್ಬೇಡಿ’ ಅಂದ್ರು. ಅಲ್ಲಿಗೆ ನಮಸ್ಕಾರ. ಈ ಓನರಮ್ಮ ಒಬ್ರೇ ತಿರುಗಿಸಿ ಕೇಳಿದ್ದು, ‘10 ಗಂಟೆ ಮಾತ್ರೆ ತಡ ಆದ್ರೆ ಎಷ್ಟೊತ್ತಿಗೆ ಕೈಕಾಲು ಹಿಡ್ಕೊಳ್ಳುತ್ತೆ ಅವರಿಗೆ?’

ಕಡೇ ಪ್ರಶ್ನೆ ಕೇಳೋಕೆ ಕಷ್ಟ, ಆದ್ರೂ ಕೇಳಿ. ‘ಇಲ್ಲೇ ಉಸಿರು ಹೋದ್ರೆ ಏನ್ಮಾಡ್ತೀರಿ?’ ಒಬ್ರು ‘ಅಯ್ಯೋ ಬಿಡ್ತು ಅನ್ನಿ ಸರ್’ ಅಂತ ಮಾತು ಹಾರಿಸಿದ್ರು. ಈಯಮ್ಮ ಮಾತ್ರ ಯಾವ ಡಾಕ್ಟರ್ ಬಂದು ಸರ್ಟಿಫಿಕೇಟ್ ಕೊಡ್ತಾರೆ, ನಾನು ಬೆಂಗಳೂರಿಂದ ಬರೋ ತನಕ ಎಲ್ಲಿಡ್ತಾರೆ, ಫ್ರೀಜರ್ ಬಾಕ್ಸ್ ಎಲ್ಲಿಂದ ತರಿಸ್ತಾರೆ, ಅದರ ಬಾಡಿಗೆ ಎಷ್ಟು ಅನ್ನೋದರ ತನಕ ಹೇಳಿದ್ರು. ಆವತ್ತು ರಾತ್ರಿ ನನಗೆ ನಿದ್ದೆ ಬಂತು.

ಡಿಪಾಸಿಟ್ ಕೊಡೋ ಮುಂಚೆ ಹದಿನೈದು ದಿನ ಟ್ರಯಲ್ ಕೇಳಿ, ದಿನದ ಲೆಕ್ಕದಲ್ಲಿ ದುಡ್ಡು ಕೊಡ್ತೀನಿ ಅನ್ನಿ. ಮಂಚ ಖಾಲಿ ಇದ್ರೆ ಒಪ್ತಾರೆ. ಡಿಪಾಸಿಟ್ ಒಂದು ಲಕ್ಷ ಕೇಳಿದ್ದನ್ನ ನಾನು ಮೂರರಲ್ಲಿ ಒಂದು ಭಾಗಕ್ಕೆ ಇಳಿಸಿದೆ. ಹೇಗೆ ಅಂತ ಇಲ್ಲಿ ಬರೆಯಲ್ಲ, ಮನೆ ನಡೆಸೋರೂ ಇದನ್ನ ಓದ್ತಾರೆ. ಹಾಗೇ ಹೋದಾಗ ಆ ಹಗ್ಗ ನೋಡೋದಲ್ದೆ ಅಡುಗೆಮನೇಲಿ ಒಂದು ಡಬ್ಬಿ ತೆಗೆದು ನೋಡ್ತೀನಿ, ಅದು ಯಾವ ಡಬ್ಬಿ ಅನ್ನೋದೂ ನನ್ನಲ್ಲೇ ಇರಲಿ.

ದುಡ್ಡಿನ ಲೆಕ್ಕ ಹೇಳ್ಬಿಡ್ತೀನಿ. ತಿಂಗಳಿಗೆ 32 ಸಾವಿರ, ಇಬ್ರು ಇರೋ ರೂಮು. ಡಯಪರ್ ಬೇರೆ, ರಾತ್ರಿಗೆ ಮಾತ್ರ ಹಾಕ್ತಾರೆ, ಆನ್‌ಲೈನಲ್ಲಿ ಬಾಕ್ಸ್‌ಗಟ್ಟಲೆ ತರಿಸಿದ್ರೆ ಒಂದಕ್ಕೆ ಮೂವತ್ತು ಮೂವತ್ತೈದು ಬೀಳುತ್ತೆ. ಫಿಜಿಯೋ ವಾರಕ್ಕೆ ಎರಡು ಸಲ, ಔಷಧಿ, ಎಲ್ಲ ಸೇರಿ 40ರ ಆಸುಪಾಸು. ಇನ್ಶೂರೆನ್ಸಾಗಲಿ, 70 ದಾಟಿದೋರ ಆಯುಷ್ಮಾನ್ ಕಾರ್ಡಾಗಲಿ ಈ ಖರ್ಚಿಗೆ ಬರಲ್ಲ, ಆಸ್ಪತ್ರೆಗೆ ಅಡ್ಮಿಟ್ ಆದ್ರೆ ಮಾತ್ರ. ಅಪ್ಪನ ಪೆನ್ಷನ್ 35ರ ಹತ್ತಿರ ಬರುತ್ತೆ. ಕೇಂದ್ರ ಸರ್ಕಾರದ ಪೆನ್ಷನ್ ಇರೋರು ಒಂದು ನೋಡ್ಕೊಳ್ಳಿ, 80 ತುಂಬಿದ್ರೆ ಮೂಲ ಪೆನ್ಷನ್ ಮೇಲೆ ಶೇ 20 ಜಾಸ್ತಿ ಸಿಗುತ್ತೆ, ಅದರ ಮೇಲೆ ಡಿಎ (ತುಟ್ಟಿಭತ್ಯೆ) ಕೂಡ. ಅಪ್ಪನಿಗೆ ಸುಮಾರು ತಿಂಗಳು ಬಂದೇ ಇರಲಿಲ್ಲ, ಬ್ಯಾಂಕಲ್ಲಿ ಹುಟ್ಟಿದ ತಾರೀಖೇ ದಾಖಲಾಗಿರಲಿಲ್ಲ, ಅರ್ಜಿ ಹಾಕಿದ್ಮೇಲೆ ಬಾಕಿ ಅಷ್ಟೂ ಒಟ್ಟಿಗೆ ಬಂತು, ಡಿಪಾಸಿಟ್ ಅದರಲ್ಲೇ ಕಟ್ಟಿದ್ದು. ನವೆಂಬರಲ್ಲಿ ಜೀವನ್ ಪ್ರಮಾಣ್, ಅಂದ್ರೆ ಪೆನ್ಷನ್‌ದಾರರು ಬದುಕಿದ್ದಾರೆ ಅನ್ನೋ ಸರ್ಟಿಫಿಕೇಟು, ಅಲ್ಲೇ ಮಂಚದ ಮೇಲೆ ಕೂರಿಸಿ ಮೊಬೈಲಲ್ಲಿ ಮುಖ ತೋರಿಸಿ ಮಾಡಿದ್ವಿ, ಕಣ್ಣು ಮಿಟುಕಿಸೋದು ಪಾರ್ಕಿನ್ಸನ್‌ನೋರಿಗೆ ಕಷ್ಟ, ಸಿಂಡೋಪಾ ಹತ್ತಿರೋ ಹೊತ್ತು ನೋಡಿ ಮಾಡಿ. ಉಳಿದಿದ್ದಕ್ಕೆ ಮೈಸೂರು ಮನೆ ಬಾಡಿಗೆಗೆ ಕೊಟ್ಟೆ, 11 ಸಾವಿರ. ‘ಬಾಡಿಗೆ ಆಸೆಗೆ ಅಪ್ಪನ್ನ ಆಚೆ ಹಾಕ್ದ’ ಅಂತ ಅನ್ನಿಸ್ಕೊಂಡಿದ್ದು ಇದಕ್ಕೇನೇ. ಅನ್ನೋರು ಯಾರೂ ಒಂದು ರಾತ್ರಿ ಬಂದು ಮಲಗಿದೋರಲ್ಲ.

ಇನ್ನು ನನ್ನ ಪ್ರಯೋಗಗಳು. ಅಪ್ಪ ಬಾಗಿಲ ಹತ್ರ ಬಂದ್ರೆ ಕಾಲು ನೆಲಕ್ಕೆ ಅಂಟಿಕೊಂಡಂಗೆ ನಿಂತುಬಿಡೋರು. ನೆಲದ ಮೇಲೆ ಅಡ್ಡಡ್ಡ ಗೆರೆ ಇದ್ರೆ ಅದನ್ನ ದಾಟೋಕೆ ಅಂತ ಕಾಲು ಎತ್ತುತ್ತಾರೆ ಅಂತ ಫಿಜಿಯೋ ಹೇಳಿದ್ರು. ಹಳದಿ ಇನ್ಸುಲೇಷನ್ ಟೇಪ್ ತಂದು ಅಂಟಿಸಿದೆ. ಅಪ್ಪ ಕುರ್ಚೀಲಿ ಕೂತ್ಕೊಂಡೇ ‘ಗ್ಯಾಪು ಸಮ ಇಲ್ಲ, ಕಿತ್ತು ಹಾಕು’ ಅಂತ ಎರಡು ಸಲ ಕೀಳಿಸಿದ್ರು, ಫಿಟ್ಟರ್ ಬುದ್ಧಿ ಎಲ್ಲಿ ಹೋಗುತ್ತೆ. ಕೆಲಸ ಮಾಡ್ತು, ಚೆನ್ನಾಗೇ ಮಾಡ್ತು. ಆದ್ರೆ ಹಾಲ್‌ನಲ್ಲೂ ಅಂಟಿಸಿದಾಗ ಮರೆವಿನ ಕಾಯಿಲೆಯ ಅಜ್ಜಿ ಒಬ್ರು ಆ ಗೆರೆ ಮುಂದೆ ನಿಂತ್ಕೊಂಡು ದಾಟೋದೇ ಇಲ್ಲ ಅಂದ್ಬಿಟ್ರು, ಊಟದ ಟೇಬಲ್ಲಿಗೂ ಬರಲಿಲ್ಲ. ಹಾಲ್‌ನ ಟೇಪ್ ತೆಗೆದ್ವಿ, ಅಪ್ಪನ ರೂಮು ಬಾತ್‌ರೂಮಿಗೆ ಮಾತ್ರ ಉಳೀತು. ಹಾಸಿಗೆ ಮೇಲೆ ಸೊಂಟದ ಭಾಗಕ್ಕೆ ಮಾತ್ರ ಸ್ಯಾಟಿನ್ ಬಟ್ಟೆ ಹಾಸಿದ್ದು ಇನ್ನೊಂದು, ರಾತ್ರಿ ಮಗ್ಗುಲು ಬದಲಾಯಿಸೋಕೆ ಸುಲಭ, ದೇವರಾಜ ಅರಸು ರಸ್ತೇಲಿ ಲೈನಿಂಗ್ ಬಟ್ಟೆ ಅಂತ ಮೀಟರಿಗೆ ಎಷ್ಟೋ ಕೊಟ್ಟು ತಂದೆ. ಕ್ಯಾಮೆರಾ ಹಾಕಿಸೋ ಯೋಚನೆ ಬಿಟ್ಟೆ. ಪಕ್ಕದ ಮಂಚದೋರ ಮಾನಾನೂ ನೋಡ್ಬೇಕಲ್ಲ.

ಮುದ್ದೆ ದೊಡ್ಡ ಜಗಳ ಆಯ್ತು. ನಮ್ಮ ಕಡೆ ಮುದ್ದೆ ಅಗಿಯಲ್ಲ, ನುಂಗೋದು, ಪಾರ್ಕಿನ್ಸನ್‌ನೋರಿಗೆ ಗಂಟಲು ನಿಧಾನ, ಒಂದು ಸಲ ಸಿಕ್ಕಿಹಾಕ್ಕೊಂಡು ಎಲ್ರೂ ಹೆದರಿಬಿಟ್ರು. ಮಾನಸಗಂಗೋತ್ರಿಯ ಸ್ಪೀಚ್ ಅಂಡ್ ಹಿಯರಿಂಗ್ ಸಂಸ್ಥೆಗೆ ಕರ್ಕೊಂಡು ಹೋದ್ವಿ, ಅಲ್ಲಿ ಬರೀ ಮಾತು ಕಿವಿ ಅಲ್ಲ, ನುಂಗೋ ತೊಂದರೆನೂ ನೋಡ್ತಾರೆ. ಗದ್ದ ಎದೆ ಕಡೆ ಬಗ್ಗಿಸಿ ನುಂಗೋದು ಹೇಳ್ಕೊಟ್ರು, ಮುದ್ದೆ ಬೇಡ ಅಂದ್ರು. ಅಪ್ಪ ಎರಡು ದಿನ ಮುನಿಸ್ಕೊಂಡ್ರು. ಈಗ ರಾಗಿ ಅಂಬಲಿ, ಸ್ವಲ್ಪ ಗಟ್ಟಿಯಾಗಿ, ಬಸ್ಸಾರು ಸೋಸಿ ಹಾಕ್ತಾರೆ. ದೊಡ್ಡ ಜಾಗದಲ್ಲಿ ಮೆನು ಕಾರ್ಡ್ ತೋರಿಸ್ತಾರೆ ಹೊರತು ಒಬ್ಬರಿಗಾಗಿ ಬಸ್ಸಾರು ಸೋಸಲ್ಲ.

ವರ್ಷ ದಾಟಿ ಕೆಲವು ತಿಂಗಳಾಯ್ತು. ತೂಕ ನಾಲ್ಕು ಕೆಜಿ ಹತ್ರ ಜಾಸ್ತಿ ಆಗಿದೆ, ಬೆಡ್‌ಸೋರ್ (ಮಲಗಿ ಮಲಗಿ ಆಗೋ ಹುಣ್ಣು) ಒಂದೂ ಇಲ್ಲ, ಬಿದ್ದಿದ್ದು ಒಂದೇ ಸಲ, ಅದೂ ಸುಮ್ನೆ ಜಾರಿ ಕೂತಿದ್ದು. ಬೇಜಾರು ಇಲ್ಲ ಅಂತ ಹೇಳಲ್ಲ, ಭಾನುವಾರ ನಾನು ಹೊರಟಾಗ ಮಾತು ಬಿಡ್ತಾರೆ, ಅದಕ್ಕೆ ನನ್ನ ಹತ್ರ ಮದ್ದಿಲ್ಲ. ಹೋದ ತಿಂಗಳು ಚಿಕ್ಕಪ್ಪ ಫೋನ್ ಮಾಡಿ, ಅವರ ಭಾವನಿಗೆ ಅಂತ, ‘ಆ ನಿನ್ನ ಜಾಗದಲ್ಲಿ ಮಂಚ ಖಾಲಿ ಇದ್ಯೇನಪ್ಪ’ ಅಂದ್ರು. ಇಲ್ಲ ಅಂದೆ, ನಿಜವಾಗ್ಲೂ ಇರಲಿಲ್ಲ.

ಅಗ್ರಿಮೆಂಟ್ ವರ್ಷಕ್ಕೊಂದು ಸಲ ಬರೆಸಿ, 11 ತಿಂಗಳದ್ದಾದ್ರೂ ಸರಿ. ಆಸ್ಪತ್ರೇಲಿ ಇದ್ದ ದಿನಕ್ಕೆ ಎಷ್ಟು ಕಡಿತ, ರೇಟು ವರ್ಷಕ್ಕೆ ಎಷ್ಟು ಏರಿಸಬಹುದು, ಬಿಡೋಕೆ ಎಷ್ಟು ದಿನ ನೋಟಿಸು, ಇವು ಮೂರು ಕಾಗದದ ಮೇಲೆ ಇರಲಿ. ನಮ್ಮದರಲ್ಲಿ ಏರಿಕೆ ಶೇ 10 ಅಂತಿತ್ತು, ಮಾತಾಡಿ 6ಕ್ಕೆ ತಂದೆ, ಜೊತೆಗೆ ರಾತ್ರಿ ಆಯಾಮ್ಮನ್ನ ಬದಲಾಯಿಸೋದಾದ್ರೆ ಒಂದು ತಿಂಗಳು ಮುಂಚೆ ನನಗೆ ಹೇಳ್ಬೇಕು ಅಂತ ಒಂದು ಸಾಲು ಸೇರಿಸಿದೆ. ಓನರಮ್ಮ ನಕ್ಕು ಸೈನ್ ಹಾಕಿದ್ರು.