ಕಣ ತುಂಬಿದ ಮೇಲೆ ಕೊಯ್ದರೆ

ಕೊಡಗಿನ ಗೋಣಿಕೊಪ್ಪದಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯ ಮೇಲಿನ ಮಹಡಿಯೇ ನಮ್ಮ ಆಫೀಸು. ನಾಲ್ವರು ಡೆವಲಪರ್‌ಗಳು, ಒಬ್ಬಳು ಟೆಸ್ಟರ್, ನಾನು. ಬೆಂಗಳೂರಿನ ಗ್ರಾಹಕರೊಬ್ಬರಿಗೆ ಕ್ಲಿನಿಕ್ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯುತ್ತೇವೆ. ಹಿಂದಿನ ಕೆಲಸದಲ್ಲಿ ನಾನು ಸ್ಕ್ರಮ್ (ತಂಡದ ಕೆಲಸವನ್ನು ಸಣ್ಣ ಸಣ್ಣ ಅವಧಿಗಳಾಗಿ ಹಂಚಿ ನಡೆಸುವ ಪದ್ಧತಿ) ಬಿಟ್ಟು ಬೇರೇನೂ ಕಂಡವನಲ್ಲ. ಊರಿಗೆ ಬಂದು ತಂಡ ಕಟ್ಟಿದಾಗ ಅದನ್ನೇ ತಂದು ಹಾಕಿದೆ: ಎರಡು ವಾರದ ಸ್ಪ್ರಿಂಟ್ (ಕೆಲಸದ ಒಂದು ಸುತ್ತು), ಬೆಳಿಗ್ಗೆ ಸ್ಟ್ಯಾಂಡಪ್ (ನಿಂತೇ ಮಾಡುವ ಚಿಕ್ಕ ಸಭೆ), ಸ್ಟೋರಿ ಪಾಯಿಂಟ್ (ಕೆಲಸದ ಗಾತ್ರಕ್ಕೆ ಹಾಕುವ ಅಂಕ), ವೆಲಾಸಿಟಿ (ಒಂದು ಸ್ಪ್ರಿಂಟಿನಲ್ಲಿ ಮುಗಿಸಿದ ಅಂಕಗಳ ಮೊತ್ತ).

ಮೊದಲು ಕೆಟ್ಟದ್ದು ಸ್ಟ್ಯಾಂಡಪ್. 15 ನಿಮಿಷದ್ದು 40 ನಿಮಿಷಕ್ಕೆ ಹೋಯಿತು. ಎಲ್ಲರೂ ನನ್ನ ಮುಖ ನೋಡಿಕೊಂಡು ‘ನಿನ್ನೆ ಇದು ಮಾಡಿದೆ, ಇವತ್ತು ಅದು ಮಾಡ್ತೇನೆ’ ಅನ್ನುತ್ತಿದ್ದರು. ತೋಟದಲ್ಲಿ ರೈಟರ್ ಚೆಕ್‌ರೋಲ್ ಕೂಗಿದ ಹಾಗೆ, ಬರೀ ಹಾಜರಿ. ಆಮೇಲೆ ಸ್ಕ್ರಮ್‌ನ ಮೂಲ ಕೈಪಿಡಿಯಾದ ಸ್ಕ್ರಮ್ ಗೈಡ್ ತೆಗೆದು ಓದಿದರೆ, ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡ್ತೀಯ, ಅಡ್ಡಿ ಏನಿದೆ ಎಂಬ ಮೂರು ಪ್ರಶ್ನೆಗಳನ್ನೇ 2020ರ ಆವೃತ್ತಿಯಲ್ಲಿ ಕೈಬಿಟ್ಟಿದ್ದಾರೆ. ಸ್ಟೋರಿ ಪಾಯಿಂಟ್ ಅನ್ನುವ ಮಾತಂತೂ ಅದರಲ್ಲಿ ಇಲ್ಲವೇ ಇಲ್ಲ. ಹಳೇ ಆಫೀಸಿನಲ್ಲಿ ಕಂಡದ್ದನ್ನೇ ಸ್ಕ್ರಮ್ ಅಂದುಕೊಂಡಿದ್ದೆ.

ಪಾಯಿಂಟ್‌ಗಳ ಕಥೆ ಹೇಳಿದರೆ ಮುಗಿಯುವುದಿಲ್ಲ. ‘ಕಳೆದ ಸಲ 34 ಆಯ್ತಲ್ಲ, ಈ ಸಲ 40 ಮಾಡಿ’ ಎಂದರು ಗ್ರಾಹಕರು. ನಮ್ಮ ಹುಡುಗರೂ ದಡ್ಡರಲ್ಲ, 3ರ ಕೆಲಸಕ್ಕೆ 5 ಹಾಕತೊಡಗಿದರು. 40 ಬಂತು, ಕೆಲಸ ಅಷ್ಟೇ ಇತ್ತು. ಜುಲೈ ಮಳೆಯಲ್ಲಿ ಅದೂ ಹೋಯಿತು. ಮರ ಬಿದ್ದು ಲೈನ್ ಹರಿದರೆ ಎರಡು ದಿನ ಕರೆಂಟಿಲ್ಲ, ಕರೆಂಟು ಬಂದರೆ ನೆಟ್ ಇಲ್ಲ. ಒಂದು ಸ್ಪ್ರಿಂಟಿನ ಬಾಕಿ ಮುಂದಿನದಕ್ಕೆ, ಅದರ ಬಾಕಿ ಅದರಾಚೆಯದಕ್ಕೆ.

ಫೆಬ್ರವರಿಯಲ್ಲಿ ಒಂದು ಭಾನುವಾರ ಮನೆಯಲ್ಲಿದ್ದೆ. ನಮ್ಮ ತೋಟದಲ್ಲಿ ರೊಬಸ್ಟಾ ಕಾಫಿ ಕೊಯ್ಲು ಮುಗಿಯುತ್ತ ಬಂದಿತ್ತು. ಹಿಂದಿನ ವಾರ ಮೋಡ ಕವಿದಿದ್ದರಿಂದ ಕಣದಲ್ಲಿ ಹರಡಿದ್ದ ಹಣ್ಣು ಇನ್ನೂ ಒಣಗಿರಲಿಲ್ಲ. ಕೊಯ್ಯುವವರಿಗೆ ಕೂಲಿ ಕಿಲೋ ಲೆಕ್ಕ, ನಿಲ್ಲಿಸುವುದು ಅವರಿಗೆ ಬೇಡ. ಮೇಸ್ತ್ರಿ ಬಂದು ನಾಳೆ ಯಾವ ಕಡೆ ಅಂತ ಕೇಳಿದರು. ಅಪ್ಪ ಹೇಳಿದ್ದು ಇಷ್ಟೇ: “ಕಣ ತುಂಬಿದೆ, ಕೊಯ್ದು ಎಲ್ಲಿ ಹಾಕೋದು? ಚೀಲದಲ್ಲಿಟ್ರೆ ಬಿಸಿಯಾಗಿ ಬೂಸ್ಟು ಹಿಡೀತದೆ. ಎರಡು ದಿನ ಮೆಣಸಿಗೆ ಏಣಿ ಹಾಕ್ಸಿ. ದಿನಗೂಲಿ ಕೊಡ್ತೇನೆ.”

ಸೋಮವಾರ ಆಫೀಸಿಗೆ ಹೋದವನೇ ಬೋರ್ಡಿನ ಮೇಲಿನ ಕೆಲಸದ ಕಾರ್ಡುಗಳನ್ನು ಎಣಿಸಿದೆ. ಆರು ಜನರ ಕೈಯಲ್ಲಿ 18 ಕೆಲಸ, ಅದರಲ್ಲಿ 11 ಒಬ್ಬಳೇ ಟೆಸ್ಟರ್ ಮುಂದೆ ರಾಶಿ ಬಿದ್ದಿವೆ. ವಾರಕ್ಕೆ ಮುಗಿಯುತ್ತಿದ್ದದ್ದು ಸರಾಸರಿ ಆರು. 1961ರಲ್ಲಿ ಅಮೆರಿಕದ ಪ್ರಾಧ್ಯಾಪಕ ಜಾನ್ ಲಿಟಲ್ ಸಾಧಿಸಿ ತೋರಿಸಿದ ಸೂತ್ರ ತೀರ ಸರಳ: ಕೈಯಲ್ಲಿರುವ ಕೆಲಸವನ್ನು ಮುಗಿಯುವ ವೇಗದಿಂದ ಭಾಗಿಸಿದರೆ ಒಂದು ಕೆಲಸ ಸರಾಸರಿ ಎಷ್ಟು ಕಾಲ ಒಳಗಿರುತ್ತದೆ ಎಂದು ಸಿಗುತ್ತದೆ. 18ನ್ನು 6ರಿಂದ ಭಾಗಿಸಿದರೆ ಮೂರು ವಾರ. ವೇಗ ಅಷ್ಟೇ ಇದ್ದು ಕೈಯಲ್ಲಿರುವುದು 9ಕ್ಕೆ ಇಳಿದರೆ ಒಂದೂವರೆ ವಾರ. ಯಾರೂ ಹೆಚ್ಚು ದುಡಿಯಬೇಕಿಲ್ಲ.

ಟೊಯೊಟಾ ಕಾರ್ಖಾನೆಯಿಂದ ಸಾಫ್ಟ್‌ವೇರಿಗೆ ಬಂದ ಕಾನ್‌ಬಾನ್ ಪದ್ಧತಿಯ ಜೀವಾಳವೂ ಇದೇ, ಪ್ರತಿ ಹಂತದಲ್ಲೂ ಒಂದು ಹೊತ್ತಿಗೆ ಇಷ್ಟೇ ಕೆಲಸ ಎಂಬ ಮಿತಿ. ಟೆಸ್ಟಿಂಗ್ ಕಾಲಮ್ಮಿನ ಮೇಲೆ ದೊಡ್ಡದಾಗಿ 3 ಎಂದು ಬರೆದೆ. ಅಲ್ಲಿ ಮೂರಿದ್ದರೆ ಹೊಸ ಕೋಡ್ ಬರೆಯುವಂತಿಲ್ಲ, ಟೆಸ್ಟಿಂಗಿಗೆ ಕೈಹಾಕಬೇಕು.

ಮೂರನೇ ದಿನಕ್ಕೇ ನಾನು ಸೋತೆ. ಇಬ್ಬರು ಖಾಲಿ ಕೂತು ಮೊಬೈಲ್ ನೋಡುತ್ತಿದ್ದರು, ಸಂಬಳ ಕೊಡುವವನ ಹೊಟ್ಟೆ ಉರಿಯದೆ ಇರುತ್ತದೆಯೇ? ಮೆತ್ತಗೆ ಹೋಗಿ 3 ಒರೆಸಿ 5 ಮಾಡಿದೆ. ಊಟ ಮುಗಿಸಿ ಬಂದ ಟೆಸ್ಟರ್ ಅದನ್ನು ಒರೆಸಿ ಮತ್ತೆ 3 ಬರೆದಳು. “ಅಣ್ಣ, ಮಿತಿ ನಮಗೆ ಮಾತ್ರವಾ?” ಎಂದಳು. ಅವತ್ತು ಸಂಜೆ ಆ ಇಬ್ಬರೂ ಅವಳ ಪಕ್ಕ ಕೂತು ಬಿಲ್ಲಿಂಗ್ ಸ್ಕ್ರೀನ್ ಟೆಸ್ಟ್ ಮಾಡಿದರು. ತಾವೇ ಬರೆದ ರಿಯಾಯಿತಿ ಲೆಕ್ಕ ಎಲ್ಲಿ ತಪ್ಪುತ್ತದೆಂದು ಅವರಿಗೆ ಗೊತ್ತಾದದ್ದು ಆಗಲೇ.

ಈಗ ಸ್ಪ್ರಿಂಟ್ ಇಲ್ಲ, ಪಾಯಿಂಟ್ ಇಲ್ಲ. ಸ್ಕ್ರಮ್‌ನಿಂದ ಉಳಿಸಿಕೊಂಡದ್ದು ಎರಡು: ವಾರ ಬಿಟ್ಟು ವಾರ ಶುಕ್ರವಾರ ಗ್ರಾಹಕರಿಗೆ ಮಾಡಿದ್ದನ್ನು ತೋರಿಸುವುದು, ಆಮೇಲೆ ನಾವು ನಾವೇ ಕೂತು ಎಲ್ಲಿ ಎಡವಿದೆವು ಎಂದು ಮಾತಾಡುವುದು. ಸ್ಟ್ಯಾಂಡಪ್‌ನಲ್ಲಿ ಜನರನ್ನು ಸುತ್ತು ಹಾಕುವುದಿಲ್ಲ. ಮುಗಿಯಲು ಹತ್ತಿರವಿರುವ ಕೆಲಸಗಳಿರುವ ಬೋರ್ಡಿನ ಬಲತುದಿಯಿಂದ ಶುರುಮಾಡಿ, ನಿಂತ ಕೆಲಸಗಳನ್ನು ಮಾತ್ರ ಕೇಳುತ್ತೇನೆ. ‘ಅರ್ಜೆಂಟ್’ ಸಾಲಿನಲ್ಲಿ ಒಂದೇ ಜಾಗ. ಎರಡನೆಯ ಅರ್ಜೆಂಟ್ ಬಂದರೆ ಯಾವುದು ಹೆಚ್ಚು ಎಂದು ಗ್ರಾಹಕರೇ ಆರಿಸಬೇಕು. ಇದಕ್ಕೆ ಅವರು ಒಪ್ಪಲು ಎರಡು ತಿಂಗಳು ಹಿಡಿಯಿತು, ನಡುವೆ ಒಂದಿಷ್ಟು ಬೈಗುಳವೂ ಬಂತು.

ಯಾವಾಗ ಸಿಗುತ್ತದೆ ಎಂದು ಕೇಳಿದರೆ ಹಳೇ ದಾಖಲೆ ತೆಗೆದು, ‘ಇಂಥ ಹತ್ತು ಕೆಲಸದಲ್ಲಿ ಎಂಟು ಕೆಲಸ ಒಂಬತ್ತು ದಿನದೊಳಗೆ ಮುಗಿದಿವೆ’ ಎನ್ನುತ್ತೇನೆ. ಮಳೆಗಾಲದ ದಾಖಲೆ ಬೇರೆಯೇ ಇಟ್ಟಿದ್ದೇನೆ. ಸರಿಹೋಗದ್ದು ದೊಡ್ಡ ಕೆಲಸಗಳು. ಬಿಲ್ಲಿಂಗ್ ಡೇಟಾಬೇಸ್ ಬದಲಿಸುವ ಕಾರ್ಡ್ ಏಪ್ರಿಲ್‌ನಿಂದ ಎಡತುದಿಯಲ್ಲೇ ಇದೆ. ಅದನ್ನು ಹೇಗೆ ತುಂಡು ಮಾಡುವುದೆಂದು ನಾಲ್ಕು ಸಲ ಕೂತೆವು, ನಾಲ್ಕು ಸಲವೂ ಚಹಾ ಕುಡಿದು ಎದ್ದೆವು.