ಒಂದು ಇಂಚಿನ ಹಲಗೆಯಲ್ಲಿ 22 ಎಂಎಂ ತೆಗೆದೆ

ದಾವಣಗೆರೆಯಲ್ಲಿ ಯಾವ ಆಚಾರ್ರನ್ನು ಕೇಳಿದರೂ ಒಂದೇ ಮಾತು. ಮುಕ್ಕಾಲು ಇಂಚಿಗಿಂತ ಜಾಸ್ತಿ ಫಿನಿಶ್ (ಹೆರೆದ ಮೇಲೆ ಉಳಿಯುವ ದಪ್ಪ) ಬೇಕಾದರೆ ಒಂದೂಕಾಲು ಇಂಚಿನ ಹಲಗೆ ಕೊಯಿಸು. 22 ಎಂಎಂ ಪ್ಯಾನೆಲ್‌ಗೆ ಒಂದು ಇಂಚು (ಸುಮಾರು 25 ಎಂಎಂ) ಸಾಕು ಎಂದು ನಾನು ಹೇಳಿದಾಗ ಯಾರೂ ನಂಬಲಿಲ್ಲ. ‘ಮಷಿನ್‌ಗೆ ಹಾಕಿದ ಮೇಲೆ ನಿನಗೆ ಉಳಿಯೋದು ಸಿಪ್ಪೆ ಕಣಪ್ಪ’ ಎಂದರು ನಮ್ಮ ಹಿರಿಯ ಮೇಸ್ತ್ರಿ. ಈಗ ಎರಡು ಬೀರು, ಒಂದು ಮಂಚ ಹೀಗೇ ಮುಗಿಸಿದ್ದೇನೆ. ಅದೇ ಮೇಸ್ತ್ರಿ ಬಂದು ಅಳತೆ ಹಿಡಿದು ನೋಡಿ ಹೋದರು.

ಮೊದಲು ನಾನೂ ಒಂದೂಕಾಲೇ ಕೊಯಿಸುತ್ತಿದ್ದೆ. ಆದರೂ ಕೈಕೊಡುತ್ತಿತ್ತು. ನಾನು ತರುವ ತೇಗ ಹೆಚ್ಚಾಗಿ ಶಿವಮೊಗ್ಗ ಕಡೆಯದು. ಮಲೆನಾಡಿನ ತಂಪಿನಲ್ಲಿದ್ದ ಮರ ನಮ್ಮ ಏಪ್ರಿಲ್ ಬಿಸಿಲಿಗೆ ಬಂದರೆ ಹೊರಮೈ ಬೇಗ ಒಣಗುತ್ತದೆ, ಒಳಗಿನ್ನೂ ಹಸಿ ಇರುತ್ತದೆ. ಡೊಂಕಾಗದೆ ಇನ್ನೇನು? ಚಿತ್ರದುರ್ಗದ ಒಂದು ಮನೆಯ ಬೀರಿಗೆ ಎಂಟಡಿ ಹಲಗೆಗಳನ್ನು ಇಡಿಯಾಗಿ ಮರ ಹೆರೆಯುವ ಪ್ಲೇನರ್‌ಗೆ ಕೊಟ್ಟೆವು. ಬಿಲ್ಲು, ಅಂದರೆ ಉದ್ದಕ್ಕೆ ಬಾಗಿದ ಡೊಂಕು, ಹೋಗುವಷ್ಟರಲ್ಲಿ ಒಂದೂಕಾಲು ಇಂಚಿನ (32 ಎಂಎಂ) ಹಲಗೆ 18ಕ್ಕೆ ಇಳಿಯಿತು. ಸಿಎಫ್‌ಟಿಗೆ (ಘನ ಅಡಿಗೆ) ನಾಲ್ಕು ಸಾವಿರದ ಹತ್ತಿರ ಕೊಟ್ಟ ಮರ. ಅರ್ಧದ ಹತ್ತಿರ ಹೊಟ್ಟಾಗಿ ಚೀಲ ಸೇರಿತು. ಆ ಕೆಲಸದಲ್ಲಿ ಕೂಲಿ ಬಿಟ್ಟರೆ ಏನೂ ಗಿಟ್ಟಲಿಲ್ಲ.

ಆಗಿನಿಂದ ನಾನು ದಪ್ಪ ನೋಡುವುದು ಬಿಟ್ಟು ತುಂಡಿನ ಉದ್ದ ನೋಡಲು ಶುರು ಮಾಡಿದೆ. ಹಲಗೆಯ ಉದ್ದ ಅರ್ಧವಾದರೆ ಬಿಲ್ಲು ಕಾಲು ಭಾಗಕ್ಕೆ ಇಳಿಯುತ್ತದೆ. ಎಂಟಡಿಯಲ್ಲಿ 12 ಎಂಎಂ ಬಿಲ್ಲು ಇದ್ದರೆ ನಾಲ್ಕಡಿ ತುಂಡಿನಲ್ಲಿ ಮೂರೇ ಎಂಎಂ. ಎರಡಡಿಯಲ್ಲಿ ಒಂದು ಎಂಎಂ ಕೂಡ ಇಲ್ಲ. ಗರಗಸದ ಗೀರು ತೆಗೆಯಲು ಎರಡೂ ಮುಖ ಸೇರಿ ಎರಡು ಎಂಎಂ ಇಟ್ಟುಕೊಳ್ಳಿ. ಎರಡಡಿ ಪ್ಯಾನೆಲ್‌ಗೆ 25ರಲ್ಲಿ 22 ಸಲೀಸಾಗಿ ಬರುತ್ತದೆ. ನಾಲ್ಕಡಿಗೆ 20 ಎಂದುಕೊಳ್ಳಿ. ಅಗಲಕ್ಕೂ ಇದೇ ಲೆಕ್ಕ. ಹತ್ತಿಂಚು ಅಗಲದ ಹಲಗೆ ದೋಣಿಯಂತೆ ಬಾಗಿದ್ದರೆ ನಡುವೆ ಸೀಳಿ ಆಮೇಲೆ ಅಂಟಿಸುತ್ತೇನೆ. ಹಾಗಾಗಿ ಮೊದಲು ಬೇಕಾದ ಉದ್ದಕ್ಕೆ ಒಂದಿಂಚು ಜಾಸ್ತಿ ಬಿಟ್ಟು ಕತ್ತರಿಸುವುದು, ಪ್ಲೇನರ್ ಆಮೇಲೆ. ತುಂಬಾ ಗಿಡ್ಡ ತುಂಡನ್ನು ಮಾತ್ರ ಮಷಿನ್‌ಗೆ ಕೊಡಬೇಡಿ, ಕೈಯಲ್ಲಿ ಹೆರೆಯುವ ತೋಪಡವೇ ವಾಸಿ.

ಬಾಗಿಲಿನ ಉದ್ದ ಪಟ್ಟಿಗೆ ಈ ಉಳಿತಾಯ ನಡೆಯುವುದಿಲ್ಲ. ಏಳಡಿ ಪಟ್ಟಿಯನ್ನು ಕತ್ತರಿಸುವ ಹಾಗಿಲ್ಲವಲ್ಲ. ಅಲ್ಲಿ 32 ಎಂಎಂ ಫಿನಿಶ್ ಬೇಕಾದರೆ ನಾನು ಒಂದೂಮುಕ್ಕಾಲು ಕೊಯಿಸುತ್ತೇನೆ. ಒಂದೂವರೆ ಸಾಕು ಎನ್ನುವವರು ಬಿಲ್ಲು ಬಿದ್ದ ಪಟ್ಟಿಯನ್ನು ಕ್ಲಾಂಪ್ ಹಾಕಿ ಎಳೆದು ಕೂರಿಸುತ್ತಾರೆ. ಮಳೆಗಾಲಕ್ಕೆ ಕದ ಚೌಕಟ್ಟಿಗೆ ಕೂರುವುದಿಲ್ಲ.

ಒಂದು ಬೀರಿಗೆ ಮುಂಚೆ ಹನ್ನೆರಡು ಸಿಎಫ್‌ಟಿ ಹಿಡಿಯುತ್ತಿತ್ತು. ಈಗ ಉದ್ದದ ತುಂಡು ಸೇರಿ ಹತ್ತರ ಆಸುಪಾಸು. ಏಳೆಂಟು ಸಾವಿರ ಉಳಿತಾಯ. ಆದರೆ ಸಾಮಿಲ್‌ನಲ್ಲಿ ಅಳತೆಪಟ್ಟಿ ಹಿಡಿದು ನಿಲ್ಲಬೇಕು. ಒಂದು ಕಡೆ ಒಂದು ಇಂಚು ಎಂದು ಬಿಲ್ ಹಾಕಿ 23 ಎಂಎಂ ಕೊಟ್ಟಿದ್ದರು. ಒಂದೂಕಾಲಿನಲ್ಲಾದರೆ ಅದು ಕಣ್ಣಿಗೆ ಬೀಳುವುದಿಲ್ಲ. ನಮ್ಮ ಲೆಕ್ಕದಲ್ಲಿ ಎರಡು ಎಂಎಂ ಹೋದರೆ ಪ್ಯಾನೆಲ್ಲೇ ಹೋಯಿತು.

ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಎರಡಿಂಚಿನ ಹಲಗೆ ತಂದು ನಡುವೆ ಸೀಳಿ ಎರಡು ತೆಳು ಹಲಗೆ ಮಾಡಿದರೆ ಅಗ್ಗವಾಗುತ್ತದಾ ಎಂದು. ಸೀಳಿದ ಮಾರನೇ ದಿನವೇ ಎರಡೂ ಬಾಗಿದ್ದವು. ಒಳಗಿನ ಹಸಿ ಮುಖ ಹೊರಗೆ ಬಂತಲ್ಲ, ಅದು ಒಣಗುತ್ತಾ ಎಳೆದುಕೊಂಡಿತು. ಬೇವಿನಲ್ಲಿ ಇನ್ನೂ ಜಾಸ್ತಿ. ಆ ಬೇವು ಡ್ರಾಯರ್‌ನ ಒಳಗಿನ ಗಿಡ್ಡ ತುಂಡುಗಳಿಗೆ ಬಳಕೆಯಾಯಿತು, ಅಲ್ಲಿ ಚೆನ್ನಾಗಿಯೇ ಕೂತಿದೆ.

ಕೊಯಿಸಿ ತಂದ ಹಲಗೆಗಳನ್ನು ನಡುನಡುವೆ ರೀಪಿನ ತುಂಡು ಇಟ್ಟು ನೆರಳಲ್ಲಿ ಪೇರಿಸುತ್ತೇನೆ, ಅದು ನಿಮಗೂ ಗೊತ್ತು. ತುದಿಗಳಿಗೆ ನಾನು ಬಳಿಯುವುದು ಏನು, ಪೇರಿಸಿದ್ದರ ಮೇಲೆ ಭಾರ ಎಲ್ಲಿ ಇಡುತ್ತೇನೆ ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ನಾನು ಸಾಕಷ್ಟು ಮರ ಕಳೆದಿದ್ದೇನೆ. ಈಗ ಹಲಸಿನ ಹಲಗೆ ಮುಕ್ಕಾಲು ಇಂಚಿಗೆ ಕೊಯಿಸಿ ಇಟ್ಟಿದ್ದೇನೆ. ಒಂದೂವರೆ ಅಡಿ ತುಂಡಿನಲ್ಲಿ 16 ಎಂಎಂ ಬಂದರೆ ದೇವರ ಮನೆಯ ಕದಕ್ಕೆ ಅದನ್ನೇ ಹಾಕುತ್ತೇನೆ.