ಶಿರಸಿ, ಕಾರವಾರದಲ್ಲಿ ಕೂತೇ ಜಪಾನಿ ಕಲಿಯುವುದು ಹೇಗೆ?

ಜಪಾನಿ ಕಲಿಯಬೇಕು ಅಂತ ಕೇಳಿಕೊಂಡು ಬರುವ ಹುಡುಗ ಹುಡುಗಿಯರು ಈಗ ನಮ್ಮ ಜಿಲ್ಲೆಯಲ್ಲೂ ಇದ್ದಾರೆ. ನರ್ಸಿಂಗ್ ಓದುತ್ತಿರುವವರು, ಐಟಿಐ ಮುಗಿಸಿದವರು, ಅನಿಮೆ (ಜಪಾನಿ ಕಾರ್ಟೂನ್) ನೋಡಿ ನೋಡಿ ಆ ಭಾಷೆಯ ಮೇಲೆ ಪ್ರೀತಿ ಹುಟ್ಟಿದ ಕಾಲೇಜಿನವರು. ಅವರು ಮೊದಲು ಕೇಳುವುದು, "ಸರ್, ಬೆಂಗಳೂರಿಗೆ ಹೋಗಲೇಬೇಕಾ?" ಅಂತ.

ಬೇಡ. ಮೊದಲ ವರ್ಷದ ಓದಿಗೆ ಬೇಕಾದದ್ದೆಲ್ಲ ಇಂಟರ್ನೆಟ್ಟಿನಲ್ಲಿ ಇದೆ, ಬಹುಪಾಲು ಉಚಿತವಾಗಿಯೇ ಇದೆ. ತೊಂದರೆ ಏನೆಂದರೆ ಅದು ಜಾಸ್ತಿ ಇದೆ. ಒಂದೇ ದಿನ ಹತ್ತು ಆ್ಯಪ್ ಹಾಕಿಕೊಂಡು, ಯಾವುದನ್ನೂ ಮುಂದುವರಿಸದೆ ಬಿಟ್ಟವರು ಬಹಳ. ಹಾಗಾಗಿ ಯಾವುದನ್ನು ಮೊದಲು, ಯಾವುದನ್ನು ಆಮೇಲೆ ಅನ್ನುವ ಕ್ರಮ ಬೇಕು. ಇನ್ನೊಂದು ಮಾತನ್ನೂ ಒತ್ತಿ ಹೇಳುತ್ತೇನೆ. ಈ ಸಾಮಗ್ರಿಯಲ್ಲಿ ಹೆಚ್ಚಿನದು ಇಂಗ್ಲಿಷಿನಲ್ಲಿದೆ. ಓದುವುದು ಇಂಗ್ಲಿಷಿನಲ್ಲಾದರೂ ಅರ್ಥ ಮಾಡಿಕೊಳ್ಳುವುದು ಕನ್ನಡದಲ್ಲೇ ಆಗಲಿ. ಅದರಿಂದ ಅರ್ಧ ದಾರಿ ಸಲೀಸಾಗುತ್ತದೆ.

ಮೊದಲು ಅಕ್ಷರ

ಜಪಾನಿಯಲ್ಲಿ ಮೂರು ಬಗೆಯ ಬರಹ ಬೆರೆತಿರುತ್ತದೆ. ಹಿರಗನ, ಕತಕನ ಮತ್ತು ಚೀನಾದಿಂದ ಬಂದ ಕಂಜಿ. ಶುರು ಮಾಡಬೇಕಾದದ್ದು ಹಿರಗನದಿಂದ. ಮೂಲ ಅಕ್ಷರಗಳು 46. ಕತಕನದಲ್ಲೂ ಅಷ್ಟೇ. ಅದನ್ನು ಹೊರಗಿನ ಭಾಷೆಗಳಿಂದ ಬಂದ ಪದಗಳಿಗೆ ಬಳಸುತ್ತಾರೆ. ನಿಮ್ಮ ಹೆಸರನ್ನೂ ಕತಕನದಲ್ಲೇ ಬರೆಯಬೇಕು.

ಇಲ್ಲಿ ನಮಗೆ ಒಂದು ಅನುಕೂಲ ಇದೆ. ಜಪಾನಿ ಅಕ್ಷರಮಾಲೆಯ ಸಾಲು ಹೀಗೆ ಹೋಗುತ್ತದೆ: ಅ ಇ ಉ ಎ ಒ, ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ಗುರುತು ಸಿಕ್ಕಿತು ಅಲ್ವಾ? ಬೌದ್ಧ ಭಿಕ್ಷುಗಳ ಜೊತೆ ಪೂರ್ವಕ್ಕೆ ಹೋದ ಸಂಸ್ಕೃತದ ವರ್ಣಮಾಲೆಯ ಕ್ರಮವೇ ಇದಕ್ಕೆ ಮೂಲ. ಯ, ವ ಸಾಲುಗಳಲ್ಲಿ ಅಕ್ಷರ ಕಡಿಮೆ, ಉಳಿದ ಸಾಲುಗಳು ಕ ಕಿ ಕು ಕೆ ಕೊ ಎಂದು ಕಾಗುಣಿತದ ಹಾಗೇ ನಡೆಯುತ್ತವೆ. ಶಿ, ಚಿ, ತ್ಸು, ಫು ಎಂಬ ನಾಲ್ಕು ಅಕ್ಷರಗಳು ಮಾತ್ರ ಸಾಲು ತಪ್ಪಿ ಉಚ್ಚಾರವಾಗುತ್ತವೆ.

ದಿನಕ್ಕೆ ಒಂದು ಸಾಲು, ಅಂದರೆ ಹೆಚ್ಚೆಂದರೆ ಐದು ಅಕ್ಷರ ಸಾಕು. ಜಪಾನಿನ ಭಾಷೆ, ಸಂಸ್ಕೃತಿಯನ್ನು ಹೊರದೇಶಗಳಲ್ಲಿ ಹರಡುವ ಸಂಸ್ಥೆಯಾದ ಜಪಾನ್ ಫೌಂಡೇಶನ್‌ನವರ 'ಹಿರಗನ ಮೆಮೊರಿ ಹಿಂಟ್' ಎಂಬ ಉಚಿತ ಆ್ಯಪ್ ಇದೆ. ಚಿತ್ರ ತೋರಿಸಿ ಅಕ್ಷರ ನೆನಪಿಡಿಸುತ್ತದೆ. ತೋಫುಗು ಎಂಬ ಜಾಲತಾಣದ ಹಿರಗನ ಪಾಠವೂ ಇದೇ ದಾರಿಯದು. ಆದರೆ ಆ ಚಿತ್ರಗಳೆಲ್ಲ ಇಂಗ್ಲಿಷ್ ಪದಗಳ ಮೇಲೆ ನಿಂತಿವೆ. ನೀವು ಕನ್ನಡದ್ದೇ ಮಾಡಿಕೊಳ್ಳಿ. 'ಕು' ಅಕ್ಷರ ಬಗ್ಗಿದ ಕುಡುಗೋಲಿನ ಆಕಾರದಲ್ಲಿದೆ. 'ಹೆ' ನಮ್ಮ ಹೆಂಚಿನ ಮಾಡಿನ ಇಳಿಜಾರು. 'ಇ' ಪಕ್ಕಪಕ್ಕ ನಿಂತ ಇಬ್ಬರು. 'ನೊ' ಸುತ್ತು ಹೊಡೆಯುವ ನೊಣದ ದಾರಿ. ಹೀಗೆ ಕಟ್ಟಿಕೊಂಡದ್ದು ಮರೆಯುವುದಿಲ್ಲ.

ಕೈಯಲ್ಲಿ ಬರೆಯಿರಿ. ಪರದೆ ಒತ್ತಿ ಕಲಿತ ಅಕ್ಷರ ನೋಡಿದಾಗ ಗೊತ್ತಾಗುತ್ತದೆ, ಬರೆಯಲು ಹೋದರೆ ಕೈಕೊಡುತ್ತದೆ. ಅಕ್ಷರದ ಕೆಳಗೆ ಕನ್ನಡದಲ್ಲಿ ಉಚ್ಚಾರ ಬರೆದುಕೊಳ್ಳುವುದು ಮೊದಲ ವಾರಕ್ಕೆ ಸರಿ, ಆಮೇಲೆ ನಿಲ್ಲಿಸಿ. ಇಲ್ಲದಿದ್ದರೆ ಕಣ್ಣು ಅಲ್ಲಿಗೇ ಹೋಗುತ್ತದೆ. ಇಂಗ್ಲಿಷ್ ಅಕ್ಷರದಲ್ಲಂತೂ ಬರೆದುಕೊಳ್ಳಲೇಬೇಡಿ. ಜಪಾನಿಯಲ್ಲಿ ಹ್ರಸ್ವ, ದೀರ್ಘ, ಒತ್ತು ಎಲ್ಲಕ್ಕೂ ಬೆಲೆ ಇದೆ. 'ಒಬಸನ್' ಅಂದರೆ ಅತ್ತೆ ಅಥವಾ ಚಿಕ್ಕಮ್ಮ, 'ಒಬಾಸನ್' ಅಂದರೆ ಅಜ್ಜಿ. 'ಕಿತೆ' ಅಂದರೆ ಬಂದು, 'ಕಿತ್ತೆ' ಅಂದರೆ ಅಂಚೆ ಚೀಟಿ. ನಮ್ಮ ಕಿವಿಗೆ ಈ ವ್ಯತ್ಯಾಸ ಹುಟ್ಟಿನಿಂದಲೇ ಗೊತ್ತು. ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಅದನ್ನು ಯಾಕೆ ಕಳೆದುಕೊಳ್ಳಬೇಕು?

ಅಕ್ಷರ ಬಂದ ದಿನವೇ ಫೋನಿನ ಜಿಬೋರ್ಡ್ ಸೆಟ್ಟಿಂಗ್‌ನಲ್ಲಿ ಜಪಾನಿ ಕೀಬೋರ್ಡ್ ಸೇರಿಸಿಕೊಳ್ಳಿ.

ಆಮೇಲೆ ಒಂದೇ ಒಂದು ಪಠ್ಯಪುಸ್ತಕ

ಆ್ಯಪ್‌ಗಳು ಅಭ್ಯಾಸಕ್ಕೆ ಒಳ್ಳೆಯವು, ಪಾಠಕ್ಕೆ ಸಾಲುವುದಿಲ್ಲ. ಬೆನ್ನೆಲುಬಿಗೆ ಒಂದು ಪುಸ್ತಕ ಬೇಕು. ನನ್ನ ಸಲಹೆ 'ಇರೊದೊರಿ'. ಜಪಾನ್ ಫೌಂಡೇಶನ್ ಇದನ್ನು ಉಚಿತವಾಗಿ ಕೊಟ್ಟಿದೆ. ಜಪಾನಿನಲ್ಲಿ ಇದ್ದು ಕೆಲಸ ಮಾಡುವವರಿಗೆಂದೇ ಬರೆದ ಪುಸ್ತಕ ಇದು. ಅಂಗಡಿ, ಊಟ, ಕೆಲಸದ ಜಾಗದಂತಹ ದಿನಬಳಕೆಯ ಸಂದರ್ಭಗಳೇ ಅದರ ಪಾಠಗಳು. ಪಾಠದ ಪಿಡಿಎಫ್ ಮತ್ತು ಆಡಿಯೊ ಎರಡನ್ನೂ ಇಳಿಸಿಕೊಳ್ಳಬಹುದು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟೂ ನೆಟ್‌ವರ್ಕೂ ಯಾವಾಗ ಹೋಗುತ್ತವೆ ಹೇಳಲಾಗದು. ಪೇಟೆಗೆ ಬಂದಾಗ ಪೂರ್ತಿ ಇಳಿಸಿಕೊಳ್ಳಿ, ಮೊದಲ ನಾಲ್ಕೈದು ಪಾಠಗಳನ್ನು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿಕೊಳ್ಳಿ.

ಒಬ್ಬರೇ ಓದಿದರೆ ಮನಸ್ಸು ನಿಲ್ಲುವುದಿಲ್ಲ ಎನ್ನುವವರಿಗೆ ಅದೇ ಸಂಸ್ಥೆಯ 'ಮಿನಾತೊ' ಎಂಬ ಆನ್‌ಲೈನ್ ಕಲಿಕಾ ತಾಣ ಇದೆ. ಹೆಸರು ನೋಂದಾಯಿಸಿ ಕೋರ್ಸ್ ಸೇರಬಹುದು. ಇಂಗ್ಲಿಷ್ ಕಷ್ಟ, ಹಿಂದಿ ಪರವಾಗಿಲ್ಲ ಎನ್ನುವವರು ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ ವರ್ಲ್ಡ್‌ನ 'ಈಸಿ ಜಪಾನೀಸ್' ನೋಡಿ. 48 ಸಣ್ಣ ಪಾಠಗಳು, ಹಿಂದಿಯಲ್ಲೂ ವಿವರಣೆ ಇದೆ. ಕನ್ನಡದಲ್ಲಿ ಇನ್ನೂ ಇಲ್ಲ. ಯಾರಾದರೂ ಮಾಡಲಿ ಎಂಬುದು ನನ್ನ ದೊಡ್ಡ ಆಸೆ.

ವ್ಯಾಕರಣಕ್ಕೆ ಕನ್ನಡದ ನೋಟ್‌ಬುಕ್

ಈ ಹೆಜ್ಜೆಗೆ ಜಾಸ್ತಿ ಸಮಯ ಕೊಡಿ. ಇಂಗ್ಲಿಷ್ ವಿವರಣೆ ಓದಿದರೆ ಜಪಾನಿ ವ್ಯಾಕರಣ ತಲೆಕೆಳಗಾಗಿ ಕಾಣುತ್ತದೆ. ಕ್ರಿಯಾಪದ ಕೊನೆಯಲ್ಲಿ ಬರುತ್ತದೆ, ನಾಮಪದದ ಕೊನೆಗೆ ಪ್ರತ್ಯಯ ಸೇರುತ್ತದೆ ಎಂದು ಪುಟಗಟ್ಟಲೆ ವಿವರಿಸುತ್ತಾರೆ. ನಮಗೆ ಅದರಲ್ಲಿ ಹೊಸತೇನಿದೆ? 'ವತಶಿ ವ ಹೊನ್ ಒ ಯೊಮಿಮಾಸು' ಎಂದರೆ 'ನಾನು ಪುಸ್ತಕವನ್ನು ಓದುತ್ತೇನೆ'. ಪದಗಳ ಸಾಲು ಅದೇ. 'ಒ' ನಮ್ಮ 'ಅನ್ನು', 'ಕರ' ನಮ್ಮ 'ಇಂದ', 'ಮದೆ' ನಮ್ಮ 'ತನಕ'. ವಾಕ್ಯದ ಕೊನೆಗೆ 'ಕ' ಸೇರಿಸಿದರೆ ಪ್ರಶ್ನೆ. ನಾವು 'ಬಂದ್ರಾ?' ಎಂದು ಕೊನೆಗೆ 'ಆ' ಎಳೆಯುವುದಿಲ್ಲವೇ, ಅದೇ ಕೆಲಸ.

ಮುಂದೆ ಹೋದಂತೆ ಹೋಲಿಕೆ ಇನ್ನೂ ಹತ್ತಿರವಾಗುತ್ತದೆ. 'ತಬೆತೆ' ಅಂದರೆ ತಿಂದು, 'ಮಿರು' ಅಂದರೆ ನೋಡುವುದು. 'ತಬೆತೆ ಮಿರು' ಅಂದರೆ ತಿಂದು ನೋಡುವುದು. ಮನೆಗೆ ಬಂದವರಿಗೆ "ತೊಡದೇವು ತಿಂದು ನೋಡಿ" ಅನ್ನುತ್ತೇವಲ್ಲ, ಆ ನೋಡುವುದೇ ಇದು. 'ಒಕು' ಅಂದರೆ ಇಡುವುದು, 'ಕೈತೆ ಒಕು' ಅಂದರೆ ಬರೆದಿಡುವುದು. 'ತಬೆತೆ ಶಿಮೌ' ಬಂದಾಗ 'ತಿಂದುಬಿಡುವುದು' ಎಂದುಕೊಳ್ಳಿ, ಸರಿಹೋಗುತ್ತದೆ. 'ಕಿನೋ ಯೊಂದ ಹೊನ್' ಎಂದರೆ 'ನಿನ್ನೆ ಓದಿದ ಪುಸ್ತಕ'. 'ಇಕು ತೊ ಇತ್ತ' ಎಂದರೆ 'ಹೋಗ್ತೀನಿ ಅಂತ ಹೇಳಿದ'. 'ತೊ' ನಮ್ಮ 'ಅಂತ' ಕೂರುವ ಜಾಗದಲ್ಲೇ ಕೂರುತ್ತದೆ.

ಹಾಗಾಗಿ ಒಂದು ನೋಟ್‌ಬುಕ್ ಇಡಿ. ಪಾಠದಲ್ಲಿ ಹೊಸ ವಾಕ್ಯ ಬಂದಾಗ ಮೊದಲು ಜಪಾನಿಯಲ್ಲಿ ಬರೆಯಿರಿ. ಅದರ ಕೆಳಗೆ ಪದಕ್ಕೆ ಪದ ಕನ್ನಡ, ಮೂರನೆಯ ಸಾಲಿನಲ್ಲಿ ನೀವು ಮನೆಯಲ್ಲಿ ಹೇಳುವ ಹಾಗೆ ಕನ್ನಡ. ಹವ್ಯಕವೋ ಕೊಂಕಣಿಯೋ ಮನೆಮಾತಾದರೆ ಅದರಲ್ಲೇ ಬರೆಯಿರಿ. ನಿಯಮಗಳ ವಿವರಣೆಗೆ ತೇ ಕಿಮ್ ಅವರ ವ್ಯಾಕರಣ ಮಾರ್ಗದರ್ಶಿ ಅಂತರ್ಜಾಲದಲ್ಲಿ ಉಚಿತವಾಗಿದೆ.

ಕನ್ನಡ ನೆರವಿಗೆ ಬಾರದ ಜಾಗಗಳೂ ಇವೆ. ಅವನ್ನು ಬೇರೆ ಬಣ್ಣದಲ್ಲಿ ಗುರುತು ಹಾಕಿ. 'ವ' ಮತ್ತು 'ಗ' ಪ್ರತ್ಯಯಗಳ ವ್ಯತ್ಯಾಸಕ್ಕೆ ನಮ್ಮಲ್ಲಿ ನೇರ ಜೋಡಿ ಇಲ್ಲ, ನೂರಾರು ವಾಕ್ಯ ಓದಿಯೇ ಬರಬೇಕು. ಬಂದನು, ಬಂದಳು ಎಂಬ ಭೇದ ಜಪಾನಿ ಕ್ರಿಯಾಪದದಲ್ಲಿಲ್ಲ. ಎಣಿಕೆಯೂ ಕಷ್ಟ. ನಾವು ಜನರಿಗೆ ಇಬ್ಬರು, ಬೇರೆಯದಕ್ಕೆ ಎರಡು ಎಂದು ಮುಗಿಸುತ್ತೇವೆ. ಅವರು ಉದ್ದನೆಯ ವಸ್ತುವಿಗೊಂದು, ಚಪ್ಪಟೆ ವಸ್ತುವಿಗೊಂದು, ಸಣ್ಣ ಪ್ರಾಣಿಗೊಂದು ಎಂದು ಬೇರೆ ಬೇರೆ ಪ್ರತ್ಯಯ ಹಚ್ಚುತ್ತಾರೆ.

ಗೂಗಲ್ ಟ್ರಾನ್ಸ್‌ಲೇಟ್ ಬಳಸುವಾಗ ಜೋಪಾನ. ಜಪಾನಿಯವರು ನಮ್ಮ ಹಾಗೇ 'ನಾನು', 'ಅವನು' ಎಂಬುದನ್ನು ಬಿಟ್ಟು ಮಾತಾಡುತ್ತಾರೆ. ಯಂತ್ರ ಅದನ್ನು ಊಹಿಸಿ ತುಂಬುತ್ತದೆ. ಬಿಡಿ ವಾಕ್ಯ ಕೊಟ್ಟರೆ ಆ ಊಹೆ ತಪ್ಪುವುದು ಸುಲಭ.

ಪದ ಮತ್ತು ಕಂಜಿ

ಜಪಾನ್ ಸರ್ಕಾರದ ನಿತ್ಯಬಳಕೆಯ ಪಟ್ಟಿಯಲ್ಲಿ 2136 ಕಂಜಿಗಳಿವೆ. ಸಂಖ್ಯೆ ಕೇಳಿ ಹೆದರಬೇಡಿ, ಶಾಲೆಯ ಮಕ್ಕಳೂ ಅದನ್ನು ವರ್ಷಗಟ್ಟಲೆ ಕಲಿಯುತ್ತಾರೆ. ಮೊದಲ ಹಂತಕ್ಕೆ ಸುಮಾರು ನೂರು ಸಾಕು.

ಇದಕ್ಕೆ 'ಆಂಕಿ' ಹಾಕಿಕೊಳ್ಳಿ. ಮರೆಯುವ ಹೊತ್ತಿಗೆ ಸರಿಯಾಗಿ ಆ ಪದವನ್ನು ಮತ್ತೆ ಕೇಳುವ ಕಾರ್ಡ್‌ಗಳ ವ್ಯವಸ್ಥೆ ಅದು. ಕಂಪ್ಯೂಟರಿನಲ್ಲಿ ಉಚಿತ, ಆಂಡ್ರಾಯ್ಡ್‌ನಲ್ಲಿ 'ಆಂಕಿಡ್ರಾಯ್ಡ್' ಎಂಬ ಹೆಸರಿನಲ್ಲಿ ಉಚಿತ, ಐಫೋನಿಗೆ ದುಡ್ಡು ಕೊಡಬೇಕು. ಹೆಸರು ಹೋಲುವ ಬೇರೆ ಆ್ಯಪ್‌ಗಳಿವೆ, ನೋಡಿ ಇಳಿಸಿ. ಬೇರೆಯವರು ಮಾಡಿಟ್ಟ ಸಾವಿರಾರು ಕಾರ್ಡ್‌ಗಳ ಕಟ್ಟು ಸುಮ್ನೆ ಹೊರೆ. ನಿಮ್ಮ ಪಾಠದಲ್ಲಿ ಬಂದ ಪದಗಳಿಗೆ ನೀವೇ ಕಾರ್ಡ್ ಮಾಡಿ, ಹಿಂಬದಿಯಲ್ಲಿ ಕನ್ನಡ ಅರ್ಥ ಹಾಕಿ. ದಿನಕ್ಕೆ ಐದರಿಂದ ಹತ್ತು ಹೊಸ ಪದ, ಅದಕ್ಕಿಂತ ಜಾಸ್ತಿ ಬೇಡ. ಹಳೆಯದರ ಪುನರಾವರ್ತನೆ ತಪ್ಪಿಸಬೇಡಿ.

ನಿಘಂಟಿಗೆ 'ಜಿಶೋ' ಜಾಲತಾಣ. ಓದಲು ಬಾರದ ಕಂಜಿಯನ್ನು ಅಲ್ಲಿ ಬೆರಳಿನಿಂದ ಬರೆದೂ ಹುಡುಕಬಹುದು. ನೆಟ್‌ವರ್ಕ್ ಇಲ್ಲದ ಊರಿನವರಿಗೆ 'ತಕೊಬೊತೊ' ಎಂಬ ಆಂಡ್ರಾಯ್ಡ್ ನಿಘಂಟು ಆಫ್‌ಲೈನ್‌ನಲ್ಲೂ ಕೆಲಸ ಮಾಡುತ್ತದೆ.

ಕೇಳುವುದು, ಓದುವುದು

ಯೂಟ್ಯೂಬ್‌ನಲ್ಲಿ 'ಕಾಂಪ್ರಿಹೆನ್ಸಿಬಲ್ ಜಪಾನೀಸ್' ವಾಹಿನಿ ಇದೆ. ಚಿತ್ರ ಬಿಡಿಸುತ್ತಾ, ಸನ್ನೆ ಮಾಡುತ್ತಾ ಪೂರ್ತಿ ಜಪಾನಿಯಲ್ಲೇ ನಿಧಾನಕ್ಕೆ ಕಥೆ ಹೇಳುತ್ತಾರೆ. 'ನಿಹೊಂಗೊ ಕೊನ್ ತೆಪ್ಪೆಯ್' ಪಾಡ್‌ಕಾಸ್ಟ್‌ನ ಆರಂಭಿಕರ ಕಂತುಗಳು ಚಿಕ್ಕವು. ಮನೆಯ ವೈಫೈಯಲ್ಲಿ ಇಳಿಸಿಕೊಂಡರೆ ಶಿರಸಿಯಿಂದ ಕುಮಟೆಗೆ ದೇವಿಮನೆ ಘಾಟಿ ಇಳಿಯುವಷ್ಟರಲ್ಲಿ ಮೂರ್ನಾಲ್ಕು ಕೇಳಬಹುದು. ಒಮ್ಮೆ ಸುಮ್ಮನೆ ಕೇಳಿ. ಎರಡನೆಯ ಸಲ ಅವರ ಹಿಂದೆಯೇ ಜೋರಾಗಿ ಹೇಳಿ, ಬಸ್ಸಿನಲ್ಲಿ ನಾಚಿಕೆಯಾದರೆ ಮನೆಗೆ ಬಂದು ಹೇಳಿ.

ಅನಿಮೆ ನೋಡುವುದನ್ನು ಬಿಡಬೇಕಿಲ್ಲ. ಆದರೆ ಅಲ್ಲಿನ ನಾಯಕರು 'ಒರೆ' (ನಾನು), 'ಒಮಾಎ' (ನೀನು) ಎಂದು ಒರಟಾಗಿ ಮಾತಾಡುವುದು ನಮ್ಮಲ್ಲಿ ಎದುರಿಗಿದ್ದವರನ್ನು 'ಲೇ, ನೀನು' ಎಂದ ಹಾಗೆ. ಆಸ್ಪತ್ರೆಯಲ್ಲೋ ಆಫೀಸಿನಲ್ಲೋ ಆ ಮಾತು ನಡೆಯುವುದಿಲ್ಲ. 'ದೆಸು', 'ಮಾಸು' ಎಂದು ಮುಗಿಯುವ ಮರ್ಯಾದೆಯ ಮಾತು ಮೊದಲು ನಾಲಿಗೆಗೆ ಹತ್ತಲಿ.

ಓದಲು 'ತದೊಕು' ಜಾಲತಾಣದಲ್ಲಿ ಹಂತ ಹಂತವಾಗಿ ಜೋಡಿಸಿದ ಉಚಿತ ಕಥೆಪುಸ್ತಕಗಳಿವೆ. ತೀರಾ ಕೆಳಗಿನ ಹಂತದಲ್ಲಿ ಪುಟಕ್ಕೆ ಒಂದೆರಡು ಸಾಲು, ಉಳಿದದ್ದು ಚಿತ್ರ. ಗೊತ್ತಿಲ್ಲದ ಪದ ಬಂದರೆ ನಿಲ್ಲದೆ ಮುಂದೆ ಹೋಗುವುದೇ ಅಲ್ಲಿನ ಪದ್ಧತಿ.

ಮಾತಾಡಲು ಜನ

ಹೆಲೊಟಾಕ್, ಟ್ಯಾಂಡೆಮ್ ಆ್ಯಪ್‌ಗಳಲ್ಲಿ ಜಪಾನಿನವರ ಜೊತೆ ಬರೆದು, ಮಾತಾಡಿ ಅಭ್ಯಾಸ ಮಾಡಬಹುದು. ಅವರು ನಿಮ್ಮಿಂದ ಇಂಗ್ಲಿಷೋ ಹಿಂದಿಯೋ ಕಲಿಯುತ್ತಾರೆ. ಮನೆ ವಿಳಾಸ, ಕಾಲೇಜಿನ ಹೆಸರು, ಫೋಟೊ ಯಾರಿಗೂ ಕೊಡಬೇಡಿ. ದುಡ್ಡಿನ ಮಾತು ಬಂದರೆ ಅಲ್ಲೇ ಬಿಡಿ. 18 ತುಂಬದವರು ಇದರ ತಂಟೆಗೆ ಹೋಗುವುದು ಬೇಡ. ಅವರಿಗೆ ಊರಿನಲ್ಲೇ ಮೂರು ನಾಲ್ಕು ಜನ ಸೇರಿ ಒಂದು ವಾಟ್ಸ್‌ಆ್ಯಪ್ ಗುಂಪು ಮಾಡಿಕೊಳ್ಳುವುದು ಒಳ್ಳೆಯದು. ದಿನಕ್ಕೊಂದು ಧ್ವನಿ ಸಂದೇಶ, ಜಪಾನಿಯಲ್ಲಿ ಎರಡೇ ವಾಕ್ಯ. ತಪ್ಪಿದ್ದರೂ ಕಳಿಸಬೇಕು.

ಕೊನೆಗೆ ಪರೀಕ್ಷೆ

ಎಲ್ಲ ಕಡೆ ಒಪ್ಪುವ ಪರೀಕ್ಷೆ ಜೆಎಲ್‌ಪಿಟಿ, ಅಂದರೆ ಜಪಾನೀಸ್ ಲ್ಯಾಂಗ್ವೇಜ್ ಪ್ರೊಫಿಷಿಯನ್ಸಿ ಟೆಸ್ಟ್. ಎನ್5ರಿಂದ ಎನ್1ರವರೆಗೆ ಐದು ಹಂತ, ಎನ್5 ಎಲ್ಲಕ್ಕಿಂತ ಸುಲಭ. ಜುಲೈ ಮತ್ತು ಡಿಸೆಂಬರ್‌ನಲ್ಲಿ ನಡೆಯುತ್ತದೆ. ಎನ್5ರಲ್ಲಿ 180ಕ್ಕೆ 80 ಬಂದರೆ ಪಾಸು. ಆದರೆ ಆಲಿಸುವ ಭಾಗದಲ್ಲಿ 60ಕ್ಕೆ 19, ಭಾಷೆ ಮತ್ತು ಓದಿನಲ್ಲಿ 120ಕ್ಕೆ 38 ಬೇರೆ ಬೇರೆಯಾಗಿ ಬರಲೇಬೇಕು. ಕೇಳುವ ಅಭ್ಯಾಸ ಬಿಟ್ಟವರು ಇಲ್ಲಿ ಸಿಕ್ಕಿಬೀಳುತ್ತಾರೆ. ಮಾತಾಡುವ, ಬರೆಯುವ ಪರೀಕ್ಷೆ ಇದರಲ್ಲಿಲ್ಲ. ಅಧಿಕೃತ ಜಾಲತಾಣದಲ್ಲಿ ಮಾದರಿ ಪ್ರಶ್ನೆಗಳೂ ಆಡಿಯೊ ಕೂಡ ಉಚಿತ.

ಕೆಲಸಕ್ಕೆ ಹೋಗುವ ಆಲೋಚನೆ ಇದ್ದವರು ಇನ್ನೊಂದು ವಿಷಯ ತಿಳಿದಿರಿ. ನಿರ್ದಿಷ್ಟ ಕೌಶಲ ಕೆಲಸಗಾರರನ್ನು ಕಳಿಸುವ ಬಗ್ಗೆ ಭಾರತ ಮತ್ತು ಜಪಾನ್ ನಡುವೆ 2021ರ ಜನವರಿಯಲ್ಲಿ ಒಪ್ಪಂದ ಆಗಿದೆ. ವೃದ್ಧರ ಆರೈಕೆ, ಮೀನುಗಾರಿಕೆ, ಹಡಗು ನಿರ್ಮಾಣ, ಕೃಷಿ ಎಲ್ಲ ಅದರಲ್ಲಿ ಸೇರುತ್ತವೆ. ಕರಾವಳಿಯ ಹುಡುಗರಿಗೆ ಗೊತ್ತಿರುವ ಕೆಲಸಗಳೇ. ಅದಕ್ಕೆ ಎನ್4 ಅಥವಾ ಜೆಎಫ್‌ಟಿ ಬೇಸಿಕ್ ಎಂಬ ಕಂಪ್ಯೂಟರ್ ಪರೀಕ್ಷೆ ಪಾಸಾಗಬೇಕು. ಎರಡನೆಯದರಲ್ಲಿ 250ಕ್ಕೆ 200 ಬೇಕು. ಆರೈಕೆ ಕೆಲಸಕ್ಕೆ ಅದರ ಮೇಲೆ ಇನ್ನೊಂದು ಭಾಷಾ ಪರೀಕ್ಷೆ ಇದೆ. ಭಾಷೆ ಕಲಿಸಿ ಕೆಲಸವನ್ನೂ ಕೊಡಿಸುತ್ತೇವೆ ಎಂದು ಮುಂಗಡ ಕೇಳುವವರು ಸಿಕ್ಕರೆ, ಅವರ ಹೆಸರು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಂದಣಿಯಾಗಿದೆಯೇ ನೋಡಿ. ನೋಡದೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಜೆಎಲ್‌ಪಿಟಿ ಅರ್ಜಿ ಪರೀಕ್ಷೆಗೆ ತಿಂಗಳುಗಳ ಮೊದಲೇ ತೆರೆದು ಮುಚ್ಚಿಬಿಡುತ್ತದೆ. ಬೆಂಗಳೂರಿನಲ್ಲಿ ಕೇಂದ್ರ ಇದೆ. ಕಾರವಾರ, ಅಂಕೋಲಾ ಕಡೆಯವರಿಗೆ ಸಂಜೆ ಹೊರಡುವ ಪಂಚಗಂಗಾ ರೈಲು, ಶಿರಸಿ, ಸಿದ್ದಾಪುರದವರಿಗೆ ರಾತ್ರಿ ಬಸ್ಸು. ಪರೀಕ್ಷೆಯ ದಿನ ಬೆಳಿಗ್ಗೆ ಇಳಿಯುವ ಹಾಗೆ ಬೇಡ, ಒಂದು ದಿನ ಮೊದಲೇ ಹೋಗಿ ನಿದ್ದೆ ಮಾಡಿ. ಪ್ರವೇಶ ಪತ್ರದ ಪ್ರಿಂಟ್, ಗುರುತಿನ ಚೀಟಿ, ಎರಡು ಎಚ್‌ಬಿ ಪೆನ್ಸಿಲ್, ರಬ್ಬರ್, ಮುಳ್ಳಿನ ಕೈಗಡಿಯಾರ ಇಟ್ಟುಕೊಳ್ಳಿ. ಪರೀಕ್ಷೆ ಕೋಣೆಯಲ್ಲಿ ಫೋನ್ ಬಳಸುವಂತಿಲ್ಲ.